ಮೋಡೆಮ್ಮಿಗೊಂದು ಮಖಮಲ್ಲಿನ ಅಂಗಿ

"ನಲವತ್ತು ವರ್ಷ ಹೊಲಿಗೆ ಮಿಷನ್ ಕುಣಿಸಿರೋಳು ನಾನು! ಅಂಗೈಯಗಲದ ಈ ಡಬ್ಬಿ ಯಾವ ಲೆಕ್ಕ? ನೀನು ಪಾಠದ ಕಡೆ ನೋಡ್ಕೊ, ಇದನ್ನ ನನಗೆ ಬಿಡು" ಎಂದು ಅತ್ತೆ ಎದೆ ತಟ್ಟಿಕೊಂಡರು.

ಸೊಸೆಗೆ ಬೇರೆ ದಾರಿಯೂ ಇರಲಿಲ್ಲ. ಎರಡು ವರ್ಷ ಅಲೆದ ಮೇಲೆ, ಮನೆಯಲ್ಲೇ ಕೂತು ದೂರದ ಮಕ್ಕಳಿಗೆ ಗಣಿತ ಕಲಿಸುವ ಕೆಲಸವೊಂದು ಕೈಗೆಟಕುವಂತಿತ್ತು. ಹನ್ನೊಂದು ಗಂಟೆಗೆ ಮಾದರಿ ಪಾಠ. ಕೇಳುವವರು ಸ್ವತಃ ಹೆಡ್‌ಮೇಡಮ್ಮು. ಸಿಗ್ನಲ್ ಸಿಗುವುದು ನಡುಮನೆಯ ಕಿಟಕಿಯಲ್ಲಿ ಮಾತ್ರ. ಮಗ ನೆಟ್ ಕೊಡುವ ಮೋಡೆಮ್ಮನ್ನು ಅಲ್ಲಿಟ್ಟು, ಕಾರ್ಖಾನೆಗೆ ಹೊರಡುವಾಗ ಹೇಳಿದ್ದ: "ಅಮ್ಮಾ, ಈ ಗುಂಡೀನ ಮೂರು ಎಣಿಸೋವರೆಗೂ ಒತ್ತು. ನೀಲಿ ದೀಪ ಬರುತ್ತೆ. ಆಮೇಲೆ ಮುಟ್ಟಲೇಬೇಡ."

ಅತ್ತೆ ಒತ್ತಿದರು. ದೀಪ ಬಂತು. ಸೊಸೆ ಕೋಣೆ ಸೇರಿ ಬಾಗಿಲು ಹಾಕಿಕೊಂಡಳು. ಅತ್ತೆ ಅಲ್ಲಿಗೆ ಕೈಕಟ್ಟಿ ಕೂತಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ!

ಆದರೆ ಆ ಮನೆಯಲ್ಲಿ ಯಾವ ವಸ್ತುವೂ ಬರಿಮೈಯಲ್ಲಿ ಇದ್ದದ್ದಿಲ್ಲ. ರೇಡಿಯೋ, ಮಿಕ್ಸಿ, ರಿಮೋಟು, ಎಲ್ಲಕ್ಕೂ ಅತ್ತೆ ಹೊಲಿದ ಅಂಗಿ. ನಿನ್ನೆಯೇ ಅಳತೆ ತೆಗೆದು ಮೋಡೆಮ್ಮಿಗೂ ಮಖಮಲ್ಲಿನದೊಂದು ಸಿದ್ಧವಾಗಿತ್ತು. ಅಂಚಿಗೆ ನೆರಿಗೆ, ನೆತ್ತಿಗೆ ಅದುಮಿದರೆ ಕಚ್ಚಿಕೊಳ್ಳುವ ಟಿಚ್ ಬಟನ್. ಅತ್ತೆ ಅದನ್ನು ತೊಡಿಸಿ, ಬಟನ್ನಿನ ಮೇಲೆ ಹೆಬ್ಬೆರಳಿಟ್ಟು ಮೂರು ಎಣಿಸುವವರೆಗೆ ಅದುಮಿದರು. ಅದು ಅವರ ವೃತ್ತಿಧರ್ಮ. ಹಾಗೆ ಅದುಮಿದ್ದಕ್ಕೇ ಅವರು ಹೊಲಿದ ಒಂದು ರವಿಕೆಯೂ ನಾಲ್ಕು ಜನರೆದುರು ಮಾನ ಕಳೆದಿರಲಿಲ್ಲ!

"ಅತ್ತೇ! ನೆಟ್ ಹೋಯ್ತು!"

ಅಂಗಿ ಬಿಚ್ಚಿದರೆ ದೀಪವಿಲ್ಲ. ಹೊಟ್ಟೆಗೆ ಸಾಲಲಿಲ್ಲವೇನೋ ಎಂದು ಚಾರ್ಜರ್ ಸಿಕ್ಕಿಸಿ, ಗುಂಡಿ ಒತ್ತಿ, ದೀಪ ಬರಿಸಿದರು. "ಬಂತೇನೇ?" "ಬಂತು!" ಚಾರ್ಜರಿನ ವೈರು ತೂರಲೆಂದು ಮಖಮಲ್ಲಿಗೆ ಕತ್ತರಿಯಿಂದ ಕಂಡಿ ಮಾಡಿ, ಮತ್ತೆ ತೊಡಿಸಿ, ಮತ್ತೆ ಅದುಮಿದರು. ಒಂದು, ಎರಡು, ಮೂರು.

"ಅತ್ತೇ!" ಈ ಸಲ ದನಿ ಅಳುವಂತಿತ್ತು. "ಭಿನ್ನರಾಶಿ ಅರ್ಧಕ್ಕೇ ನಿಂತಿದೆ!"

ಅತ್ತೆ ಮಗನಿಗೆ ಫೋನ್ ಮಾಡಿದರು. "ಎಂಥಾ ದರಿದ್ರ ಡಬ್ಬಿ ತಂದಿದೀಯೋ!"

"ನೀನೇನಾದ್ರೂ ಮುಟ್ಟಿದ್ಯಾ?"

"ನಾನ್ಯಾಕೆ ಮುಟ್ಲಿ?"

"ಮತ್ತೆ ಆ ಗುಂಡಿ ಮೇಲೆ ಏನೋ ಒತ್ತಿರ್ಬೇಕು. ಆರಿಸೋದೂ ಅದೇ ಗುಂಡೀನೇ ಅಮ್ಮಾ, ಮೂರು ಎಣಿಸೋವರೆಗೂ ಒತ್ತಿದ್ರೆ ಆರಿಹೋಗುತ್ತೆ."

ಅತ್ತೆ ಅಂಗಿಯನ್ನು ಬಿಚ್ಚಿ ಮೋಡೆಮ್ಮಿನ ಮೇಲೆ ಹಿಡಿದು ನೋಡಿದರು. ಟಿಚ್ ಬಟನ್ ಕೂತದ್ದು ಸರಿಯಾಗಿ ಗುಂಡಿಯ ನೆತ್ತಿಯ ಮೇಲೆ! ನೂಲಿನಷ್ಟೂ ಅತ್ತಿತ್ತಿಲ್ಲ. ಅಳತೆಯಲ್ಲಿ ಅವರು ಎಂದೂ ತಪ್ಪಿದವರಲ್ಲ! ನಾಚಿಕೆಯಿಂದ ಮೈ ಹಿಡಿಯಷ್ಟಾಯಿತು. ಮಗನಿಗೆ ಸುಳ್ಳು ಬೇರೆ ಹೇಳಿಯಾಗಿತ್ತು.

ಅಂಗಿಯನ್ನು ದಿಂಬಿನಡಿ ತುರುಕಿ, ಗುಂಡಿ ಒತ್ತಿ ನೀಲಿ ದೀಪ ಹೊತ್ತಿಸಿದರು. ಮುಂದಿನ ಇಪ್ಪತ್ತು ನಿಮಿಷ ಬರಿಮೈ ಮೋಡೆಮ್ಮಿನ ಎದುರು ಎರಡೂ ಕೈಗಳ ಮೇಲೆ ಕೂತುಬಿಟ್ಟರು. ಮೂಗು ತುರಿಸಿದರೂ ಕೈ ತೆಗೆಯಲಿಲ್ಲ.

ಬಾಗಿಲು ತೆರೆಯಿತು.

"ಸೋಮವಾರದಿಂದ ಶುರು ಮಾಡು ಅಂದ್ರು ಅತ್ತೆ!"

ಅತ್ತೆಗೆ ಕಣ್ಣು ತುಂಬಿತು. ತಲೆ ಮಾತ್ರ ಏಳಲಿಲ್ಲ. "ನೆಟ್ಟು ಕೆಡಿಸಿದ್ದು ನಾನೇ ಕಣೇ. ಅದಕ್ಕೊಂದು ಅಂಗಿ..."

"ಗೊತ್ತು. ಬಾಗಿಲ ಸಂದೀಲಿ ನೋಡ್ದೆ. ಎರಡನೇ ಸಲ ನೆಟ್ ಹೋದಾಗ ಅಂಗೀನ ದಿಂಬಿನಡಿ ತುರುಕ್ತಾ ಇದ್ರಿ."

"ಅಯ್ಯೋ! ಹೆಡ್‌ಮೇಡಮ್ಮಿಗೆ ಏನಂದೆ?"

"ಮನೇಲಿ ಮಗು ಇದೆ, ಮೋಡೆಮ್ ಎಳೆದಾಡ್ತಿತ್ತು ಅಂದೆ."

"ಅಷ್ಟೇ ತಾನೇ?"

"ವಯಸ್ಸೆಷ್ಟು ಅಂತ ಕೇಳಿದ್ರು ಅತ್ತೆ. ಅರವತ್ತೆಂಟು ಅನ್ನೋಕೆ ಬಾಯಿ ಬರ್ಲಿಲ್ಲ. ಎರಡೂವರೆ ಅಂದ್ಬಿಟ್ಟೆ."