ದೇವದೂತನ ತಲೆ

ಎಲ್ಲ ರಗಳೆಗೂ ಮೂಲ ಒಂದು ಪಿಂಗಾಣಿ ದೇವದೂತ. ಕಳೆದ ತಿಂಗಳು ಹೆಡ್‌ಮೇಡಂ ಮನೆಗೆ ಫ್ಯಾನ್ ರಿಪೇರಿಗೆ ಹೋಗಿದ್ದ ಎಲೆಕ್ಟ್ರಿಷಿಯನ್ನನ ಏಣಿ ಶೋಕೇಸಿಗೆ ತಗುಲಿ, ದೇವದೂತನ ತಲೆ ಕಳಚಿ ಅವನ ಅಂಗೈಗೆ ಬಂತು. ಅದನ್ನು ಮೆಲ್ಲಗೆ ಕತ್ತಿನ ಮೇಲೆ ಕೂರಿಸಿ, "ಸಂಜೆವರೆಗೆ ಫ್ಯಾನ್ ಹಾಕ್ಬೇಡಿ ಮೇಡಂ" ಎಂದವನೇ ಕಾಲಿಗೆ ಬುದ್ಧಿ ಹೇಳಿದ. ಸಂಜೆ ಫ್ಯಾನ್ ತಿರುಗಿತು, ತಲೆ ಉರುಳಿತು, ಬೈಗುಳವೆಲ್ಲ ಬೆಕ್ಕಿನ ಪಾಲಾಯಿತು.

ಅಷ್ಟಕ್ಕೇ ಬಿಟ್ಟಿದ್ದರೆ ಅವನು ಸುಖವಾಗಿರುತ್ತಿದ್ದ. ಆದರೆ ಎಷ್ಟೋ ಹರಕೆಯ ಮೇಲೆ ಹುಟ್ಟಿದ ತಂಗಿಯ ಮಗುವಿಗೆ ನಾಳೆ ಚರ್ಚಿನಲ್ಲಿ ದೀಕ್ಷಾಸ್ನಾನ. ಜ್ಞಾನಪಿತನಾಗಿ, ಅಂದರೆ ಧರ್ಮದ ತಂದೆಯಾಗಿ, ಮಗುವನ್ನು ಎತ್ತಿಕೊಳ್ಳುವವನು ಇವನೇ. ಅದಕ್ಕೆ ಮುಂಚೆ ಪಾಪನಿವೇದನೆ ಮಾಡಿಯೇ ತೀರಬೇಕೆಂದು ಪಾದ್ರಿಯ ಹಟ.

ಬೆಳಿಗ್ಗೆ ಹೋಗಿ ಪಾಪನಿವೇದನೆಯ ಗೂಡಿನ ಜಾಲರಿಗೆ ಬಾಯಿಟ್ಟು ಎಲ್ಲವನ್ನೂ ಹೇಳಿಕೊಂಡ. ಆಚೆಯಿಂದ ಪಾದ್ರಿಯ ಆಕಳಿಕೆ ಕೇಳಿಸಿತು.

"ದೇವರು ಕ್ಷಮಿಸ್ತಾನೆ. ಆದ್ರೆ ಮೇಡಂ ಹತ್ರ ಹೋಗಿ ಒಂದು ಮಾತು ಕ್ಷಮೆ ಕೇಳು. ಅವರು ಕ್ಷಮಿಸಿದ ಮೇಲೇ ನಾಳೆ ಮಗು ಎತ್ಕೋ. ಹೆದರಬೇಡ, ಅವರು ದೊಡ್ಡ ಮನಸ್ಸಿನವರು."

ಮೇಡಂ ಮನಸ್ಸು ದೊಡ್ಡದೆಂದು ಇಡೀ ಬೀದಿಗೆ ಗೊತ್ತಿತ್ತು. ಹೇಳಿದವರು ಸ್ವತಃ ಮೇಡಂ. ಪ್ರಾರ್ಥನಾಕೂಟದಲ್ಲಿ ಅವರು ಕ್ಷಮೆಯ ಮೇಲೆ ಎಷ್ಟೋ ಸಲ ಭಾಷಣ ಬಿಗಿದಿದ್ದರು. ಕ್ಷಮಿಸಲು ಒಬ್ಬ ಅಪರಾಧಿ ಮಾತ್ರ ಈವರೆಗೆ ಸಿಕ್ಕಿರಲಿಲ್ಲ.

ಇವನು ಅವರ ಮನೆಗೆ ಹೋಗಿ ತಡವರಿಸುತ್ತ ವಿಷಯ ಹೇಳುತ್ತಿದ್ದಂತೆ ಮೇಡಂ ಮುಖ ಅರಳಿತು.

"ಅಯ್ಯೋ, ಕೂತ್ಕೋ! ಬೇಡ ಬೇಡ, ನಿಂತೇ ಇರು." ಫೋನ್ ಎತ್ತಿದರು. "ಒಬ್ಬ ಪಾಪಿ ಬಂದಿದ್ದಾನೆ, ಬೇಗ ಬನ್ರೇ!"

ಕೂಟದ ಹೆಂಗಸರೆಲ್ಲ ಮಾಡುತ್ತಿದ್ದ ಕೆಲಸ ಬಿಟ್ಟು ಓಡಿಬಂದರು. ತಡವಾಗಿ ಬಂದವರಿಗಾಗಿ ಕತೆ ಮತ್ತೆ ಮೊದಲಿನಿಂದ ಆಗಬೇಕಾಯಿತು. ಏಣಿ ಹತ್ತಿಸಿ, "ಹೇಗೆ ತಗುಲ್ತು, ಮಾಡಿ ತೋರ್ಸು" ಎಂದರು.

"ನಮ್ಮನೆ ಮಿಕ್ಸಿ ಕೆಟ್ಟಿದ್ದೂ ನಿನ್ನಿಂದ್ಲೇನಾ?" ಪಕ್ಕದ ಮನೆಯ ದರ್ಜಿಯ ಹೆಂಡತಿ ಕೇಳಿದಳು.

"ಇಲ್ಲಕ್ಕ, ಅದನ್ನ ನಾನು ಮುಟ್ಟೇ ಇಲ್ಲ."

"ಒಪ್ಕೊಂಡ್ಬಿಡೋ. ಒಟ್ಟಿಗೇ ಕ್ಷಮಿಸ್ಬಿಡ್ತೀವಿ."

ಕೊನೆಗೆ ಮೇಡಂ ಅವನನ್ನು ಮಂಡಿಯೂರಿಸಿ, ತಲೆಯ ಮೇಲೆ ಕೈಯಿಟ್ಟು ಗಂಟಲು ಸರಿಮಾಡಿಕೊಂಡರು. "ನಮ್ಮಮ್ಮ ಕೊಟ್ಟ ಗೊಂಬೆ. ಆದ್ರೂ ಕ್ಷಮಿಸಿದೀನಿ. ಯಾರೇ ಬರ್ಲಿ, ಎಂಥ ತಪ್ಪೇ ಒಪ್ಕೊಳ್ಲಿ, ಈ ಬಾಯಲ್ಲಿ ಒಂದು ಕೆಟ್ಟ ಮಾತು ಬರಲ್ಲ!"

ಹೆಂಗಸರು ಕಣ್ಣೊರೆಸಿಕೊಂಡರು. ಮದುವೆಯಾದಾಗಿನಿಂದ ಬಾಯಿ ಬಿಡದ ಮೇಡಂ ಗಂಡ ಮೂಲೆಯ ಕುರ್ಚಿಯಲ್ಲಿ ಕೂತಲ್ಲೇ ಕರಗಿಹೋದರು.

"ಹಾಗಾದ್ರೆ ನಂದೂ ಒಂದಿದೆ ಕಣೇ. ಆ ತಲೆ ಮುರಿದಿದ್ದು ನಾನು, ಯಾವಾಗಲೋ. ಗಮ್ ಹಚ್ಚಿ ಕೂರಿಸಿಟ್ಟಿದ್ದೆ. ಈ ಹುಡುಗನ ತಪ್ಪೇನಿಲ್ಲ."

ಯಾರೋ ಕಿಸಕ್ಕನೆ ನಕ್ಕರು. ಎಲೆಕ್ಟ್ರಿಷಿಯನ್ನನಿಗೆ ಹೋದ ಜೀವ ಬಂದಂತಾಯಿತು. ಆದರೆ ಅವನ ತಲೆಯ ಮೇಲಿದ್ದ ಕೈ ಬಿಸಿ ಹೆಂಚು ಮುಟ್ಟಿದಂತೆ ಮೇಲೆದ್ದಿತು.

"ನಡೀರಿ ಒಳಗೆ, ನಿಮಗೆ ಆಮೇಲಿದೆ!" ಎಂದು ಗಂಡನನ್ನು ಅಟ್ಟಿ, ಮೇಡಂ ಇವನತ್ತ ತಿರುಗಿದರು. "ಮಾಡದ ತಪ್ಪಿಗೆ ಕ್ಷಮೆ ಕೇಳು ಅಂತ ನಿನಗೆ ಯಾರೋ ಹೇಳಿದ್ದು? ಇಷ್ಟು ಜನರ ಮುಂದೆ ನನ್ನ ಮರ್ಯಾದೆ ತೆಗೆದ್ಯಲ್ಲ! ಗೊಂಬೆ ಒಡೆದಿದ್ರೆ ಕ್ಷಮಿಸ್ತಿದ್ದೆ. ಇದನ್ನ ಮಾತ್ರ ಜನ್ಮದಲ್ಲಿ ಕ್ಷಮಿಸಲ್ಲ. ಏಳು, ತೊಲಗು!"

ಅವನು ಏದುಸಿರು ಬಿಡುತ್ತ ಮತ್ತೆ ಜಾಲರಿಗೆ ಬಾಯಿಟ್ಟು ನಡೆದದ್ದನ್ನೆಲ್ಲ ಹೇಳಿದ. ಪಾದ್ರಿ ಕಿವಿಗೊಟ್ಟು ಆಲಿಸಿದರು. ಮೇಡಂ ಮನೆಯ ಕಡೆಯಿಂದ ಪಾತ್ರೆಗಳು ಬೀಳುವ ಸದ್ದು ಅಲ್ಲಿಯವರೆಗೂ ಕೇಳುತ್ತಿತ್ತು.

"ಮಾಡದ ಪಾಪ ಮಾಡಿದೆ ಅಂತ ಹೇಳಿ ಗಂಡ ಹೆಂಡ್ತಿ ಮಧ್ಯೆ ಬೆಂಕಿ ಹಚ್ಚಿದ್ದೀಯ. ಇದು ಸಣ್ಣ ಪಾಪ ಅಲ್ಲ. ದೇವರೇನೋ ಕ್ಷಮಿಸ್ತಾನೆ."

"ನಾಳೆ ಮಗು ಎತ್ಕೊಳ್ಬಹುದಾ, ಫಾದರ್?"

"ಓಹೋ, ಧಾರಾಳವಾಗಿ! ಮೊದಲು ಹೋಗಿ ಮೇಡಂ ಹತ್ರ ಒಂದು ಮಾತು ಕ್ಷಮೆ ಕೇಳ್ಕೊಂಡು ಬಾ. ಹೆದರಬೇಡ, ಅವರು ದೊಡ್ಡ ಮನಸ್ಸಿನವರು."