ಅಥಣಿ ರಸ್ತೆಯ ಜರ್ಮನ್ ಕ್ಲಾಸು

ವಿಜಾಪುರದಲ್ಲಿ ಜರ್ಮನ್ ಕಲಿಸಲು ಹೊರಟವನ ಹಣೆಬರಹದಲ್ಲಿ ಇಂಥ ಫಜೀತಿಗಳು ತಪ್ಪುವುದಿಲ್ಲ. ಎಪ್ಪತ್ತರ ದಶಕ. ಅಥಣಿ ರಸ್ತೆಯ ಬಾಡಿಗೆ ಖೋಲಿಯಲ್ಲಿ, ಇಂಗ್ಲಿಷ್ ಬಲ್ಲ ನಾಲ್ಕಾರು ಜನರಿಗೆ ಕರ್ಮಣಿ ಪ್ರಯೋಗದ ಪಾಠ ನಡೆಸಿದ್ದೆ. ಅಷ್ಟರಲ್ಲಿ ಪುಣೆಯ ಜರ್ಮನ್ ಸಂಸ್ಥೆಯಿಂದ ಪರೀಕ್ಷಕರು ಬರುತ್ತಾರೆಂದು ಸುದ್ದಿ ಬಂತು. ಅವರು ಮೆಚ್ಚಿದರೆ ಕ್ಲಾಸು, ಇಲ್ಲದಿದ್ದರೆ ಬೀಗ. ನನಗೋ ಬೇರೆ ಉದ್ಯೋಗ ಬರುತ್ತಿರಲಿಲ್ಲ.

ರೊಟ್ಟಿ

"ಇಂಗ್ಲಿಷಿನ 'ಈಸ್' ಮರೆತುಬಿಡಿ," ಎಂದೆ. "ರೊಟ್ಟಿ ತಿನ್ನಲಾಗುತ್ತಿದೆ ಅನ್ನಲು 'ದಾಸ್ ಬ್ರೋಟ್ ವಿರ್ಡ್ ಗೆಗೆಸ್ಸೆನ್'. 'ವಿರ್ಡ್' ಬದಲು 'ಇಸ್ಟ್' ಅಂದರೆ ತಿಂದು ಮುಗಿದ ಹಾಗೆ." ಬಬಲೇಶ್ವರದ ಬ್ಯಾಂಕ್ ಗುಮಾಸ್ತ ಪ್ರತಿ ಸಲ 'ಇಸ್ಟ್' ಎಂದೇ ಹೇಳಿದ. ನಾನು ಸಿಟ್ಟಾದೆ.

"ನಮ್ಮ ಮನ್ಯಾಗ ಅಣ್ಣತಮ್ಮರು ಭಾಳ ಮಂದಿ ಅದೀವ್ರಿ ಸರ್," ಎಂದ. "ತಿನ್ನಾಕತ್ತಾರ ಅನ್ನೂದ್ರೊಳಗ ಮುಗದಿರ್ತೈತ್ರಿ."

ಒಡ್ಡು

ಮಾಡಿದವರ ಹೆಸರು ಹೇಳಬೇಕಾಗಿಲ್ಲ, ಅದೇ ಈ ಪ್ರಯೋಗದ ಸೊಗಸು ಎಂದೆ. ಬಿ.ಎ. ಓದಿದ ಕನಮಡಿಯ ರೈತ ಒಪ್ಪಲಿಲ್ಲ. "ಹೊಲದ ಒಡ್ಡು ಒಡೀಲಾಗುತ್ತದೆ ಅಂತ ಅಷ್ಟ ಅಂದ್ರ, ಊರಾಗ ನನ್ನ ಮ್ಯಾಲ ಬರ್ತೈತ್ರಿ." ಅಂದಿನಿಂದ ಅವನ ವಾಕ್ಯಗಳಲ್ಲಿ ಎಲ್ಲವೂ ಬಾಜೂ ಹೊಲದವನಿಂದಲೇ ಆಗತೊಡಗಿತು. ಕಿಟಕಿ ಒಡೆಯುವುದೂ ಅವನಿಂದ, ಪತ್ರ ಬರೆಯುವುದೂ ಅವನಿಂದ.

"ಅವನಿಗೆ ಬರೆಯಲು ಬರುತ್ತದೇನು?" ಎಂದೆ.

"ಇಲ್ರಿ. ಆದ್ರೂ ಅವನ ಹೆಸರು ಇರ್ಲಿ."

ಒಡಪು

ನನ್ನ ಆಸೆಯೆಲ್ಲ ತಿಕೋಟಾದ ಸಾಲಿಯಲ್ಲಿ ಕಲಿಸುವ ಬಾಯಾರ ಮೇಲೆ. ಪರೀಕ್ಷಕರು ಬಂದವರೇ ಅವರನ್ನು ಎಬ್ಬಿಸಿ, "ನಿಮ್ಮ ಮನೆಯಲ್ಲಿ ಎಮ್ಮೆಯ ಹಾಲು ಯಾರಿಂದ ಕರೆಯಲಾಗುತ್ತದೆ? ಹೆಸರು ಸಹಿತ ಜರ್ಮನ್‌ನಲ್ಲಿ ಹೇಳಿ," ಎಂದರು. ಹಾಲು ಕರೆಯುವವರು ಅವರ ಯಜಮಾನರು. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವುದುಂಟೇ? ಬಾಯಾರು ಸೆರಗು ಬಾಯಿಗೆ ಹಿಡಿದು ನಿಂತರು. ನನ್ನ ಅನ್ನಕ್ಕೆ ಕಲ್ಲು ಬಿತ್ತೆಂದು ಕಣ್ಣು ಮುಚ್ಚಿದೆ.

"ಒಡಪು ಹಚ್ಚಿ ಹೇಳ್ರಿ ಬಾಯಾರ," ಎಂದ ಗುಮಾಸ್ತ. ಒಡಪಿನ ಪ್ರಾಸದೊಳಗೆ ಸೇರಿಸಿದರೆ ಗಂಡನ ಹೆಸರಿಗೆ ದೋಷವಿಲ್ಲ. ಬಾಯಾರು ನಾಚುತ್ತ ಶುರುಮಾಡಿದರು:

"ಎಮ್ಮಿ ಕಟ್ಟೈತಿ ಗ್ವಾದಲ್ಯಾಗ, ನೊರಿ ಎದ್ದೈತಿ ಗಡಗ್ಯಾಗ, ವಿರ್ಡ್ ಫೊನ್ ಶಿವರಾಯ ಗೆಮೊಲ್ಕೆನ್ ನಮ್ಮ ಮನಿಯಾಗ."

ಶಿವರಾಯರಿಂದ ಕರೆಯಲಾಗುತ್ತದೆ: ವ್ಯಾಕರಣವೂ ಸರಿ, ಹೆಸರೂ ಬಂತು. ಪುಣೆಯವರ ಮನೆಗಳಲ್ಲೂ ಇದೇ ಪದ್ಧತಿ. ಪರೀಕ್ಷಕರು ಚಪ್ಪಾಳೆ ತಟ್ಟಿ ಒಪ್ಪಿಗೆ ಕೊಟ್ಟರು. ಕ್ಲಾಸು ಉಳಿಯಿತು. ಮರುದಿನ ನೋಡಿದರೆ ಖೋಲಿಯ ತುಂಬ ತಿಕೋಟಾದ ಹೆಣ್ಣುಮಕ್ಕಳು. ನನಗೆ ಕಣ್ಣಲ್ಲಿ ನೀರು ಬಂತು. ಸೀಮೆಸುಣ್ಣ ಕೈಗೆತ್ತಿಕೊಂಡೆ.

"ನೀವು ಹೊರಗ ಕುಂದರ್ರಿ ಸರ್," ಎಂದಳು ಒಬ್ಬ ಅಜ್ಜಿ. "ನಾವು ಬಾಯಾರ ಕಡೆ ಒಡಪು ಕಲಿಯಾಕ ಬಂದೇವಿ. ಗಂಡಸರ ಮುಂದ ನಾಚಿಕಿ ಬರ್ತೈತಿ."