ಪರದೇಶದ ಮೋಟರ್ ಸೈಕಲ್ಲೂ ನಮ್ಮ ಮಾವನ ಚಿಗರಿ ಚರ್ಮವೂ

ಅರಣ್ಯ ಇಲಾಖೆಯೊಳಗ ಕಾವಲುಗಾರ ಆಗಿದ್ದಷ್ಟು ದಿನಾ ನಗೂವಂಥಾದ್ದು ಏನರೆ ಒಂದು ನಡದ ಇರ್ತಿತ್ತು. ಆದರ ನಗಾವ್ರು ಯಾವತ್ತೂ ಮಂದಿ, ಹೊಟ್ಟಿ ಉರಕೊಳ್ಳಾಂವ ನಾನು.

ಎಂಬತ್ತರ ದಶಕದ ಮಾತು. ನಮ್ಮ ನವಲಗುಂದ ಕಡೆ ಎರಿ ಹೊಲದಾಗ ಚಿಗರಿ ಹಿಂಡುಗಟ್ಲೆ ಇದ್ದವು. ಅವನ್ನ ಹೊಡದು, ಚರ್ಮಾ ಕದ್ದು ಹಡಗಿನ್ಯಾಗ ಹೊರಗ ಸಾಗಸೋರು ಇದ್ದರು. ಇದನ್ನ ತಡ್ಯಾಕ ಪರದೇಶದ ಒಂದು ಸಂಸ್ಥೆ ನಮ್ಮ ಇಲಾಖೆಗೆ ರೊಕ್ಕಾ, ಸಾಮಾನು ಕಳಸಾಕ ಹತ್ತಿತು. "ಚಲೋ ಕೆಲಸಾ ಮಾಡಿದಾಂವಗ ಒಂದು ಮೋಟರ್ ಸೈಕಲ್ ಬರತೈತಿ" ಅಂತ ಸಾಹೇಬ್ರು ಹೇಳಿದ್ರು. ಕಾವಲುಗಾರರು ನಾವು ಇಬ್ಬರ. ಶಲವಡಿ ಕಡೆ ನಾನು, ಅಣ್ಣಿಗೇರಿ ಕಡೆ ಇನ್ನೊಬ್ಬಾಂವ. ಸೈಕಲ್ ತುಳದು ತುಳದು ನನ್ನ ಮೊಣಕಾಲು ಸವದಿದ್ದವು. ಆ ಗಾಡಿ ನನಗ ಬೇಕಿತ್ತು. ಖರೇ ಹೇಳ್ಬೇಕಂದ್ರ, ಅವಗ ಸಿಗೂದಂತೂ ಬ್ಯಾಡಾಗಿತ್ತು.

ದುರ್ಬೀನು

ಮೊದಲ ಬಂದದ್ದು ಒಂದು ದುರ್ಬೀನು. ಸಾಹೇಬ್ರು ಅದನ್ನ ಅಣ್ಣಿಗೇರಿಯಾಂವಗ ಕೊಟ್ಟರು. ಮಗಾ ಚಾ ಕುಡಿಯೂವಾಗೂ ಕೊರಳಾಗಿಂದ ತಗೀಲಿಲ್ಲ. ಬಸ್ಸಿನ ಬೋರ್ಡು ಓದಾಕೂ ಅದ ಬೇಕು ಅವಗ! ನೋಡಿ ನೋಡಿ ನನಗ ಊಟಾ ಸೇರದಂಗಾತು.

ಎಂಟು ದಿನಾ ಆದಮ್ಯಾಲೆ ಒಂದು ದಿನದ ಮಟ್ಟಿಗೆ ನನ್ನ ಪಾಳಿ ಬಂತು. ಹೆಂಗ ಹಿಡೀಬೇಕು ಅಂತ ಅವನ್ನ ಕೇಳೂದಾ? ಜೀವಾ ಹೋದರೂ ಇಲ್ಲ. ದಿನಾ ಪೂರ್ತಿ ನೋಡಿ, ಸಂಜಿಮುಂದ ಸಾಹೇಬ್ರ ಮುಂದ ನಿಂತು ವರದಿ ಕೊಟ್ಟೆ: "ಸಾಹೇಬ್ರ, ಚಿಗರಿ ಎಲ್ಲಾ ಗುಳೇ ಹೊಂಟಾವ್ರಿ. ಇರಿವಿಯಷ್ಟ ಸಣ್ಣ ಕಾಣತಾವು. ಗದಗ ಮುಟ್ಟಿರಬೇಕು."

"ಹೆಂಗ ನೋಡಿದಿ, ತೋರಸು" ಅಂದ್ರು. ತೋರಿಸಿದೆ.

ಸಾಹೇಬ್ರು ಅದನ್ನ ಇಸಕೊಂಡು, ತಿರುವಿ ನನ್ನ ಕೈಯಾಗ ಇಟ್ಟರು. "ಚಿಗರಿ ಎಲ್ಲೂ ಹೋಗಿಲ್ಲೋ ಮಾರಾಯ. ನೀ ಉಲ್ಟಾ ಹಿಡದೀದಿ."

ಘೇಂಡಾಮೃಗ

ಆಮ್ಯಾಲೆ ಬಣ್ಣದ ಪೋಸ್ಟರ್ ಬಂದವು. ಒಂದು ಘೇಂಡಾಮೃಗ, ಕೆಳಗ ಇಂಗ್ಲಿಷಿನ್ಯಾಗ ಬರಹ. ನಾನು ಶಲವಡಿ ಗಿರಣಿ ಗ್ವಾಡಿಗೆ ಹಚ್ಚಿದೆ. ಆಗ ಬ್ಯಾಂಕಿನವರು ಎಮ್ಮಿ ಸಾಲಾ ಕೊಡೂ ಕಾಲ. ಹಿಟ್ಟು ಬೀಸಾಕ ಬಂದ ಅಜ್ಜಿ ಕೇಳಿದಳು, "ಯಪ್ಪಾ, ಈ ಎಮ್ಮಿ ಹೊತ್ತಿಗೆ ಎಷ್ಟ ಸೇರ ಹಾಲ ಕೊಡತೈತಿ?"

"ಅದು ಎಮ್ಮಿ ಅಲ್ಲಬೇ, ಕಾಡಪ್ರಾಣಿ" ಅಂತ ಬೈದು ಕಳಿಸಿದೆ. ಎಲ್ಲಾರನ್ನೂ ಹಂಗ ಕಳಿಸಿದೆ.

ಅಣ್ಣಿಗೇರ್ಯಾಗೂ ಮಂದಿ ಅದ ಎಮ್ಮಿ ಕೇಳಿದರಂತ. ಆದರ ಅಂವಾ ಬೈಲಿಲ್ಲ. "ಹೆಸರ ಬರಸ್ರಿ, ಮ್ಯಾಲಕ್ಕ ಕಳಸ್ತೇನಿ" ಅಂದಾನ. ಉದ್ದನ ಪಟ್ಟಿ ನೋಡಿ ಸಾಹೇಬ್ರಿಗೆ ಕಣ್ಣಾಗ ನೀರು. "ನೋಡೋ, ಪ್ರಾಣಿ ಉಳಸಾಕ ಅವನ ಊರಾಗ ಎಷ್ಟ ಮಂದಿ ಮುಂದ ಬಂದಾರ! ನಿನ್ನ ಊರಾಗ ಒಬ್ಬರೂ ಇಲ್ಲ!"

ಸತ್ಕಾರ

ಕಡೀಕ ಆ ಸಂಸ್ಥೆಯ ದೊಡ್ಡ ಸಾಹೇಬ ಬರ್ತಾನ ಅಂತ ಸುದ್ದಿ ಬಂತು. ಮೋಟರ್ ಸೈಕಲ್ ಯಾರಿಗೆ ಅನ್ನೂದು ಅವತ್ತ ಠರಾವು. ಅಣ್ಣಿಗೇರಿಯಾಂವ ಹುಬ್ಬಳ್ಳಿಯಿಂದ ಆಳೆತ್ತರದ ಗುಲಾಬಿ ಮಾಲಿ ತರಿಸಿದ. ಅದನ್ನ ಕೇಳಿ ನಾನು ವಿಚಾರಾ ಮಾಡಿದೆ. ಇದಕ್ಕಿಂತ ಹೆಚ್ಚಿನ ಮರ್ಯಾದಿ ಏನೈತಿ?

ನಮ್ಮ ಮಾವನ ಮನ್ಯಾಗ ಅಯ್ಯನವರು ಪಾದಪೂಜಿಗೆ ಬಂದಾಗ ಹಾಸೂ ಆಸನಾ ಒಂದಿತ್ತು, ಮಾವನ ಅಜ್ಜನ ಕಾಲದ್ದು. ಅದಕ್ಕಿಂತ ದೊಡ್ಡ ಮರ್ಯಾದಿ ನಮ್ಮ ಕಡೆ ಇಲ್ಲ. ಮುಂಜಾನೆದ್ದು ಉಟ್ಟ ಧೋತರದ ಮ್ಯಾಲೆ ಹೋಗಿ ತಂದು, ದೊಡ್ಡ ಸಾಹೇಬನ ಕುರ್ಚಿ ಮ್ಯಾಲೆ ಹಾಸಿದೆ. ಅಂವಾ ಕುಂತ. ಕುಂತಾಂವ ಕೈಲೆ ಸವರಿ ನೋಡಿ, ಚೇಳು ಕಡದಂಗ ಎದ್ದು ನಿಂತ. ಚಿಗರಿ ಚರ್ಮ!

ನಾನೂ ಆಗ ನೋಡಿದೆ. ಹುಟ್ಟಾ ಅದನ್ನ ಆಸನಾ ಅಂತ ನೋಡಿದಾಂವ ನಾನು. ಚರ್ಮಾ ಅಂತ ತಲಿಗೆ ಹೊಳದಿದ್ರ ಕೇಳ್ರಿ.

ನಮ್ಮ ಸಾಹೇಬ್ರ ಮುಖಾ ಬೆಳ್ಳಗಾತು. ಆದರೂ ಸಂಭಾಳಿಸಿದ್ರು: "ಇದು ಇವತ್ತ ಮುಂಜಾನೆ ಜಪ್ತಿ ಮಾಡಿದ ಮಾಲು ಸರ್, ನಿಮಗ ತೋರಸಾಕ ಇಟ್ಟೇವಿ."

ದೊಡ್ಡ ಸಾಹೇಬ ಖುಷಿಯಾಗಿ ಕೇಳಿದ, "ಭೇಷ್! ಯಾರ ಕಡಿಂದ? ಹಿಡದಾಂವ ಯಾರು?"

ಅಣ್ಣಿಗೇರಿಯಾಂವ ಮಾಲಿ ಬಾಜೂಕಿಟ್ಟು ಬಂದು ನನ್ನ ರಟ್ಟಿ ಗಟ್ಟ್ಯಾಗಿ ಹಿಡದ. "ಇವನ ಕಡಿಂದ್ರಿ. ಹಿಡದಾಂವ ನಾನು."

ದೊಡ್ಡ ಸಾಹೇಬ ಚರ್ಮಾ ನನ್ನ ಕೈಯಾಗ ಕೊಟ್ಟು ಅಲ್ಲೇ ನಮ್ಮಿಬ್ಬರ ಫೋಟೋ ಹೊಡದ. ಮೋಟರ್ ಸೈಕಲ್ ಅಣ್ಣಿಗೇರಿಯಾಂವಗ ಹೋತು. ಆ ಚರ್ಮಾ ಸರಕಾರಕ್ಕ ಹೋತು, ನನ್ನ ಮಾತ್ರ ಸಾಹೇಬ್ರು ಕೇಸು ಹಾಕದ ಬೈದು ಬಿಟ್ಟರು. ಮಾವ ನನ್ನ ಜೋಡಿ ಮಾತು ಬಿಟ್ಟ. ಅಣ್ಣಿಗೇರಿಯಾಂವ ಭರ್ರ್ ಅಂತ ಗಾಡಿ ಹೊಡಕೊಂಡು ಹೋದಾಗೆಲ್ಲಾ ನಾನು ಮೋತಿ ಆ ಕಡೆ ತಿರುವಿ ನಿಲ್ತಿದ್ದೆ.

ಆರು ತಿಂಗಳಿಗೆ ಪರದೇಶದಿಂದ ಒಂದು ಪುಸ್ತಕ ಬಂತು. ನುಣುಪಾದ ಹಾಳಿ, ಪೂರಾ ಪುಟದ ತುಂಬ ನನ್ನ ಫೋಟೋ! ಕೈಯಾಗ ಚರ್ಮಾ, ಮೀಸಿ ಸುದ್ದಾ ಚಂದ ಬಂದಿತ್ತು. ಕೆಳಗ ಇಂಗ್ಲಿಷಿನ್ಯಾಗ 'ಸಿಕ್ಕಿಬಿದ್ದ ಕಳ್ಳಸಾಗಾಣಿಕೆದಾರ' ಅಂತಿತ್ತು. ಅಣ್ಣಿಗೇರಿಯಾಂವನ್ನ ಮಾತ್ರ ಪುಟದಾಗ ಹಿಡಿಸಲಿಲ್ಲಂತ ಕತ್ತರಿಸಿ ಒಗದಿದ್ದರು.

ಅಂವಾ ಪುಸ್ತಕಾ ನೋಡಿದ, ನನ್ನ ನೋಡಿದ, ಮತ್ತ ಪುಸ್ತಕಾ ನೋಡಿದ. "ಕಳ್ಳ ನೀನು, ಪೂರಾ ಪುಟಾ ನಿಂದು! ಹಿಡದಾಂವ ನಾನು ಲೇ, ನಿನ್ನ ರಟ್ಟಿ ಮ್ಯಾಲೆ ನಂದು ಬರೇ ನಾಕು ಬಟ್ಟು!"